ನಾಯಿಯ ಒಣ ಚರ್ಮ ಮತ್ತು ತುರಿಕೆ: ಮೊಸರನ್ನದಿಂದ ಉಣ್ಣೆಯವರೆಗೆ

ಮಹಾವೀರ ಸ್ವಾಮಿಯ ನಿರ್ವಾಣ ಪೂಜೆ ಮುಗಿದು ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೆ ತಾಳಗುಂದ, ಬಳ್ಳಿಗಾವಿ, ಶಿರಾಳಕೊಪ್ಪದ ಕಡೆ ಗಾಳಿಯೇ ಬದಲಾಗುತ್ತದೆ. ನಾಲ್ಕು ತಿಂಗಳು ಗೋಡೆಗೆ ಪಾಚಿ ಹಿಡಿಸಿದ ತೇವ ಹೋಗಿ, ಬೆಳಗ್ಗೆ ಚಳಿ, ಮಧ್ಯಾಹ್ನ ಒಣಗಾಳಿ, ರಸ್ತೆಯ ಮೇಲೆ ಜೋಳದ ರಾಶಿಯ ಧೂಳು. ನಮ್ಮ ತುಟಿ, ಹಿಮ್ಮಡಿ ಒಡೆಯುವ ಕಾಲ ಇದು. ಜಗಲಿಯಲ್ಲಿ ಮಲಗುವ ನಾಯಿಯ ಮೈಯೂ ಇದೇ ಕಾಲಕ್ಕೆ ಒಣಗುತ್ತದೆ. ಕಪ್ಪು ನಾಯಿಯಾದರೆ ಬೆನ್ನಿನ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಹೊಟ್ಟು ಎದ್ದು ಕಾಣುತ್ತದೆ. ರಾತ್ರಿಯಿಡೀ ಕಾಲಿನಿಂದ ನೆಲಕ್ಕೆ ದಬದಬ ಬಡಿಯುತ್ತಾ ಕೆರೆದುಕೊಳ್ಳುವ ಸದ್ದಿಗೆ ಮನೆಯವರ ನಿದ್ದೆಯೂ ಹಾಳು.

ಆಗ ಮನೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡು. ಒಬ್ಬರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಇನ್ನೊಬ್ಬರು ಕೂದಲು ಸರಿಸಿ ನೋಡಿ, ಕಿವಿಯೊಳಗೆ ಉಣ್ಣೆ ಕಂಡು, "ಅಯ್ಯೋ, ಜೀವ ಇದೆಯಲ್ಲ, ಏನು ಮಾಡೋದು" ಎಂದು ಕೈ ಹಿಂದೆಗೆಯುತ್ತಾರೆ. ಈ ಎರಡನೆಯ ಮಾತು ನಮ್ಮ ಸಮಾಜದ ಮನೆಗಳಲ್ಲಿ ಬೇರೆಯವರಿಗಿಂತ ಹೆಚ್ಚು ಕೇಳುತ್ತದೆ. ಅದರಲ್ಲಿ ತಪ್ಪಿಲ್ಲ. ಆದರೆ ಕೈ ಹಿಂದೆಗೆದ ಮೇಲೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ, ಜೊತೆಗೆ ನಮ್ಮ ಮನೆಗಳಲ್ಲಿ ನಾಯಿಗೆ ಹಾಕುವ ಊಟದ ಬಗ್ಗೆ.

ನಾಯಿಯ ಚರ್ಮ ನಮ್ಮ ಚರ್ಮದಂತಲ್ಲ

ಮನುಷ್ಯನ ಚರ್ಮದ ಹೊರಪದರದಲ್ಲಿ ಸುಮಾರು 10ರಿಂದ 15 ಸಾಲು ಜೀವಕೋಶಗಳಿದ್ದರೆ ನಾಯಿಯಲ್ಲಿ 3ರಿಂದ 5 ಸಾಲು ಮಾತ್ರ. ಕೂದಲು ದಟ್ಟವಾಗಿರುವುದರಿಂದ ಒಳಗಿನ ಚರ್ಮ ಗಟ್ಟಿ ಎಂದು ನಾವು ಅಂದುಕೊಳ್ಳುತ್ತೇವೆ, ನಿಜ ಅದಕ್ಕೆ ತಿರುಗಾಮುರುಗಾ. ನಮ್ಮ ಚರ್ಮದ ಮೇಲ್ಮೈ ತುಸು ಆಮ್ಲೀಯ, ನಾಯಿಯದು ಹೆಚ್ಚುಕಡಿಮೆ ತಟಸ್ಥ. ಹಾಗಾಗಿ ನಾವು ಹಚ್ಚಿಕೊಳ್ಳುವ ಸೋಪು, ತಲೆಗೆ ಹಾಕುವ ಶಾಂಪೂ, ಬಟ್ಟೆ ಒಗೆಯುವ ಬಾರ್ ಸೋಪು ಯಾವುದೂ ಅದಕ್ಕೆ ಹೊಂದುವುದಿಲ್ಲ. ವಾರಕ್ಕೊಮ್ಮೆ ಬಟ್ಟೆ ಸೋಪಿನಲ್ಲಿ ತಿಕ್ಕಿ ತೊಳೆಸಿಕೊಳ್ಳುವ ನಾಯಿಗೆ ಬೇರೆ ರೋಗವೇ ಬೇಡ, ಆ ಸ್ನಾನವೇ ತುರಿಕೆ ತರುತ್ತದೆ. ಚರ್ಮವನ್ನು ಮೃದುವಾಗಿಡುವ ಸಹಜ ಎಣ್ಣೆಯಂಶ ತೊಳೆದುಹೋಗಿ ನೀರಿನಂಶ ಆರಿಹೋಗುತ್ತದೆ.

ಇನ್ನೊಂದು ಲೆಕ್ಕ ನೆನಪಿಟ್ಟುಕೊಂಡರೆ ಒಳ್ಳೆಯದು. ನಾಯಿಯ ಚರ್ಮದ ಹೊರಪದರ ಪೂರ್ತಿ ಹೊಸದಾಗಲು ಸುಮಾರು ಮೂರು ವಾರ ಬೇಕು. ಇಂದು ಔಷಧ ಕೊಟ್ಟು, ಆಹಾರ ಬದಲಿಸಿ, ನಾಡಿದ್ದು "ಏನೂ ಪ್ರಯೋಜನ ಆಗಲಿಲ್ಲ" ಎಂದು ಬಿಟ್ಟುಬಿಡುವವರು ಬಹಳ. ಚರ್ಮದ ಯಾವ ಚಿಕಿತ್ಸೆಗೂ ಕಡಿಮೆ ಎಂದರೆ ಒಂದು ತಿಂಗಳು ಕೊಡಬೇಕು.

ಮೊದಲು ಎಲ್ಲಿ ಕೆರೆದುಕೊಳ್ಳುತ್ತದೆ ನೋಡಿ

ತುರಿಕೆ ಎನ್ನುವುದು ರೋಗದ ಹೆಸರಲ್ಲ. ಹತ್ತಾರು ಬೇರೆ ಬೇರೆ ಕಾರಣಗಳು ಒಂದೇ ಬಾಗಿಲಿನಿಂದ ಹೊರಗೆ ಬರುತ್ತವೆ. ಎಣ್ಣೆ ಹಚ್ಚುವ ಮುನ್ನ ಎರಡು ದಿನ ನಾಯಿಯನ್ನು ಸುಮ್ಮನೆ ಗಮನಿಸಿ, ಜಾಗವೇ ಬಹಳಷ್ಟು ಹೇಳುತ್ತದೆ.

ಬಾಲದ ಬುಡ, ಸೊಂಟ, ತೊಡೆಯ ಹಿಂಭಾಗವನ್ನು ಹಲ್ಲಿನಿಂದ ಕಚ್ಚಿಕೊಳ್ಳುತ್ತಿದ್ದರೆ ಚಿಗಟದ ಅನುಮಾನ ಪಡಿ. ಚಿಗಟ ಕಣ್ಣಿಗೆ ಬೀಳಬೇಕೆಂದಿಲ್ಲ. ಬಿಳಿ ಕಾಗದದ ಮೇಲೆ ನಾಯಿಯನ್ನು ನಿಲ್ಲಿಸಿ ಬಾಚಿ. ಉದುರಿದ ಕರಿಯ ಪುಡಿಗೆ ಒಂದೆರಡು ಹನಿ ನೀರು ಹಾಕಿದಾಗ ಅದು ಕೆಂಪು ಕಂದು ಬಣ್ಣಕ್ಕೆ ತಿರುಗಿದರೆ ಅದು ಮಣ್ಣಲ್ಲ, ರಕ್ತ ಕುಡಿದ ಚಿಗಟದ ಹಿಕ್ಕೆ. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲೇ ಅಲರ್ಜಿ. ಅಂಥವುಗಳಿಗೆ ಒಂದೆರಡು ಕಚ್ಚಿದರೂ ದಿನಗಟ್ಟಲೆ ತುರಿಕೆ.

ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಭಾಗ ದಪ್ಪಗಾಗಿ, ಕೂದಲು ಉದುರಿ, ನಾಯಿ ಊಟ ಬಿಟ್ಟು ಕೆರೆದುಕೊಳ್ಳುವಷ್ಟು ತೀವ್ರ ತುರಿಕೆ ಇದ್ದರೆ ಅದು ಕಜ್ಜಿ. ಕಣ್ಣಿಗೆ ಕಾಣದ ನುಸಿ ಚರ್ಮದೊಳಗೆ ಸುರಂಗ ಕೊರೆಯುವುದರಿಂದ ಬರುವ ರೋಗ. ಕಿವಿಯ ಅಂಚನ್ನು ಬೆರಳಿನಲ್ಲಿ ಉಜ್ಜಿದರೆ ನಾಯಿ ತಾನಾಗಿಯೇ ಹಿಂಗಾಲು ಆಡಿಸುತ್ತದೆ, ಪಶುವೈದ್ಯರು ಇದನ್ನೇ ಒಂದು ಗುರುತಾಗಿ ನೋಡುತ್ತಾರೆ. ಈ ಕಜ್ಜಿ ಎತ್ತಿ ಆಡಿಸುವವರ ತೋಳಿಗೆ, ಹೊಟ್ಟೆಗೂ ಕೆಂಪು ಗುಳ್ಳೆ ತರಬಹುದು. ನಾಯಿಗೆ ಗುಣವಾದರೆ ಮನುಷ್ಯರದ್ದು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಮರಿಗಳಲ್ಲಿ ಕಣ್ಣಿನ ಸುತ್ತ, ಮೂತಿಯ ಮೇಲೆ ಕೂದಲು ಉದುರಿ ತುರಿಕೆ ಅಷ್ಟಾಗಿ ಇಲ್ಲದಿದ್ದರೆ ಅದು ಇನ್ನೊಂದು ಜಾತಿಯ ನುಸಿ, ಡೆಮೊಡೆಕ್ಸ್. ಇದು ಅಂಟುವುದಿಲ್ಲ, ಮರಿಯ ರೋಗನಿರೋಧಕ ಶಕ್ತಿ ಕಡಿಮೆಯಾದಾಗ ಹೆಚ್ಚುತ್ತದೆ. ಎರಡನ್ನೂ ಬೇರ್ಪಡಿಸಲು ವೈದ್ಯರು ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬರಿಗಣ್ಣಿನ ಊಹೆ ಸಾಲದು.

ದುಂಡಗೆ ಕೂದಲು ಉದುರಿ ಅಂಚಿನಲ್ಲಿ ಹೊಟ್ಟು ಎದ್ದಿದ್ದರೆ ಹುಳುಕಡ್ಡಿ ಇರಬಹುದು. ಹೆಸರಿನಲ್ಲಿ ಹುಳು ಇದ್ದರೂ ಇದು ಶಿಲೀಂಧ್ರ, ಮಕ್ಕಳಿಗೆ ಬೇಗ ಅಂಟುತ್ತದೆ. ಮೈ ಜಿಡ್ಡುಜಿಡ್ಡಾಗಿ, ಹಳಸಿದ ವಾಸನೆ ಬಂದು, ಕಿವಿಯೊಳಗೆ ಕಂದು ಕೊಳೆ ತುಂಬಿದ್ದರೆ ಯೀಸ್ಟ್ ಸೋಂಕು. ಇದು ಮಳೆಗಾಲದ ಕಾಯಿಲೆ. ಇಲ್ಲಿ ಕೊಬ್ಬರಿ ಎಣ್ಣೆ ಹಚ್ಚಿದರೆ ಶತ್ರುವಿಗೆ ಊಟ ಬಡಿಸಿದಂತೆ, ಏಕೆಂದರೆ ಆ ಯೀಸ್ಟ್ ಬದುಕುವುದೇ ಜಿಡ್ಡಿನ ಮೇಲೆ. ಎಣ್ಣೆಯಿಂದ ನಾಯಿಗೆ ಹಿತವಾಗುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆ ಎಂದರೆ, ವಾಸನೆ ಹೆಚ್ಚಾದಷ್ಟೂ ಎಣ್ಣೆ ಹೆಚ್ಚು ಹಚ್ಚುವವರಿದ್ದಾರೆ.

ಪಾದ ನೆಕ್ಕಿ ನೆಕ್ಕಿ ಕೂದಲು ಕೆಂಪಾಗಿದ್ದರೆ, ಹೊಟ್ಟೆ ಮತ್ತು ಕಂಕುಳು ಕೆಂಪಾಗಿದ್ದರೆ, ಅದೂ ಒಂದರಿಂದ ಮೂರು ವರ್ಷದ ನಾಯಿಯಲ್ಲಿ ಮೊದಲ ಬಾರಿ ಕಂಡಿದ್ದರೆ, ಅಲರ್ಜಿಯ ಸಾಧ್ಯತೆ ಹೆಚ್ಚು. ಪರಾಗ, ಮನೆಯ ಧೂಳಿನ ನುಸಿ, ಬೂಷ್ಟು ಇದಕ್ಕೆ ಕಾರಣ. ಶಿಕಾರಿಪುರದಿಂದ ಶಿರಾಳಕೊಪ್ಪದವರೆಗೆ ರಸ್ತೆ ಬದಿ ತುಂಬ ಬೆಳೆದಿರುವ ಕಾಂಗ್ರೆಸ್ ಹುಲ್ಲು, ಅಂದರೆ ಪಾರ್ಥೇನಿಯಂ, ಮನುಷ್ಯರಿಗೆ ತುರಿಕೆ ತರುವಂತೆ ಪ್ರಾಣಿಗಳಿಗೂ ತರುತ್ತದೆ. ಕೂದಲು ಕಡಿಮೆ ಇರುವ ಹೊಟ್ಟೆಯೇ ಮೊದಲು ತಾಗುವ ಜಾಗ. ವಾಕಿಂಗ್ ಮುಗಿಸಿ ಬಂದ ಮೇಲೆ ಒದ್ದೆ ಬಟ್ಟೆಯಿಂದ ಕಾಲು, ಹೊಟ್ಟೆ ಒರೆಸಿ ಒಣಗಿಸುವುದು ಚಿಕ್ಕ ಕೆಲಸ, ಫಲ ದೊಡ್ಡದು.

ತುರಿಕೆಯೇ ಇಲ್ಲದೆ ಕೂದಲು ಕಾಂತಿ ಕಳೆದುಕೊಂಡು, ಬಾಲ ಬೋಳಾಗಿ, ನಾಯಿ ದಪ್ಪವಾಗಿ ಸುಸ್ತಾಗಿ ಮಲಗುತ್ತಿದ್ದರೆ ಮಧ್ಯವಯಸ್ಸಿನ ನಾಯಿಗಳಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಮೊಸರನ್ನದ ಪ್ರಶ್ನೆ

ಈಗ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ ವಿಷಯ. ಜೈನ ಮನೆಯ ನಾಯಿ ಸಹಜವಾಗಿಯೇ ಸಸ್ಯಾಹಾರಿ. "ಮಾಂಸ ಹಾಕದಿದ್ದರೆ ಚರ್ಮ ಹೀಗೇ ಆಗೋದು" ಎಂದು ಅಕ್ಕಪಕ್ಕದವರು, ಕೆಲವೊಮ್ಮೆ ಔಷಧ ಅಂಗಡಿಯವರೂ ಹೇಳುವುದುಂಟು. ಇದು ಅರ್ಧ ಸತ್ಯ. ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ, ಅದರ ದೇಹಕ್ಕೆ ಟಾರಿನ್, ತಯಾರಾದ ವಿಟಮಿನ್ ಎ ಮುಂತಾದವು ಹೊರಗಿನಿಂದಲೇ ಬರಬೇಕು. ನಾಯಿ ಹಾಗಲ್ಲ. ಸಾವಿರಾರು ವರ್ಷ ಮನುಷ್ಯನ ಜೊತೆ ಧಾನ್ಯ ತಿಂದು ಪಿಷ್ಟ ಜೀರ್ಣಿಸುವುದನ್ನು ಅದು ಚೆನ್ನಾಗಿ ಕಲಿತಿದೆ. ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ನಾಯಿ ಆರೋಗ್ಯವಾಗಿ ಇರಬಲ್ಲದು.

ಕಷ್ಟ ಇರುವುದು ಆ "ಸರಿಯಾಗಿ ಹೊಂದಿಸಿದ" ಎಂಬ ಮಾತಿನಲ್ಲಿ. ನಮ್ಮಲ್ಲಿ ಬಹುತೇಕ ನಾಯಿಗಳಿಗೆ ಸಿಗುವುದು ಬೆಳಗ್ಗೆ ಹಾಲು ಬ್ರೆಡ್ಡು ಅಥವಾ ಗ್ಲುಕೋಸ್ ಬಿಸ್ಕತ್ತು, ಮಧ್ಯಾಹ್ನ ಅನ್ನ ಮೊಸರು, ಸಂಜೆ ಉಳಿದ ಅನ್ನ ಮಜ್ಜಿಗೆ. ಇದು ಸಸ್ಯಾಹಾರ ಅನ್ನುವುದಕ್ಕಿಂತ ಬರೀ ಪಿಷ್ಟಾಹಾರ. ಕೂದಲು ಇಡಿಯಾಗಿ ಪ್ರೋಟೀನಿನಿಂದ ಆದದ್ದು. ನಾಯಿ ತಿನ್ನುವ ಪ್ರೋಟೀನಿನಲ್ಲಿ ದೊಡ್ಡ ಪಾಲು ಚರ್ಮ ಮತ್ತು ಕೂದಲಿಗೇ ಹೋಗುತ್ತದೆ. ಪ್ರೋಟೀನು ಸಾಲದಾದಾಗ ದೇಹ ಹೃದಯ, ಸ್ನಾಯುಗಳಿಗೆ ಮೊದಲು ಕೊಟ್ಟು ಚರ್ಮವನ್ನು ಕೊನೆಗೆ ನೋಡಿಕೊಳ್ಳುತ್ತದೆ. ಇನ್ನು ಸತು, ಅಂದರೆ ಜಿಂಕ್. ಧಾನ್ಯದಲ್ಲಿರುವ ಫೈಟೇಟ್ ಎಂಬ ಅಂಶ ಸತುವನ್ನು ಹಿಡಿದುಕೊಂಡು ಕರುಳಿನಲ್ಲಿ ಹೀರದಂತೆ ಮಾಡುತ್ತದೆ. ಬರೀ ಧಾನ್ಯ ತಿನ್ನುವ ನಾಯಿಗೆ ಕಣ್ಣು, ಬಾಯಿಯ ಸುತ್ತ ಹೊಪ್ಪಳೆ ಕಟ್ಟುವುದು, ಪಾದದ ಮೆತ್ತೆ ಗಡುಸಾಗುವುದು ಇದರಿಂದಲೇ ಇರಬಹುದು. ಮೂರನೆಯದು ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ. ಚರ್ಮದ ನೀರು ಆರದಂತೆ ತಡೆಯುವ ಗಾರೆ ಇದೇ. ಅನ್ನ ಮಜ್ಜಿಗೆಯಲ್ಲಿ ಇದು ತೀರಾ ಕಡಿಮೆ.

ಪರಿಹಾರ ನಮ್ಮ ಅಡುಗೆಮನೆಯಲ್ಲೇ ಬಹುಪಾಲು ಇದೆ. ಚೆನ್ನಾಗಿ ನೆನೆಸಿ ಬೇಯಿಸಿದ ಹೆಸರುಬೇಳೆ, ಕಡಲೆ, ಸೋಯಾ, ಹಾಲು ಹೊಂದುವ ನಾಯಿಗೆ ಪನೀರು. ನೆನೆಸುವುದರಿಂದ ಫೈಟೇಟ್ ಕೂಡ ಸ್ವಲ್ಪ ಇಳಿಯುತ್ತದೆ. ಸೂರ್ಯಕಾಂತಿ ಅಥವಾ ಕುಸುಬೆ ಎಣ್ಣೆಯನ್ನು ಹತ್ತು ಕಿಲೋ ತೂಕದ ನಾಯಿಗೆ ದಿನಕ್ಕೆ ಒಂದು ಟೀ ಚಮಚದಂತೆ, ಬಿಸಿ ಮಾಡದೆ, ಊಟಕ್ಕೆ ಬೆರೆಸಿ ಕೊಡಬಹುದು. ಕಾಲು ಚಮಚದಿಂದ ಶುರು ಮಾಡಿ, ಇಲ್ಲವಾದರೆ ಭೇದಿಯಾಗುತ್ತದೆ. ಪುಡಿ ಮಾಡಿದ ಅಗಸೆ ಬೀಜವೂ ಒಳ್ಳೆಯದೇ. ಆದರೆ ಅಗಸೆಯ ಒಮೆಗಾ ಮೂರನ್ನು ತುರಿಕೆಗೆ ಬೇಕಾದ ರೂಪಕ್ಕೆ ಬದಲಿಸಿಕೊಳ್ಳುವುದು ನಾಯಿಗೆ ಅಷ್ಟಾಗಿ ಬಾರದು. ವೈದ್ಯರು ಮೀನೆಣ್ಣೆ ಬರೆದುಕೊಟ್ಟಾಗ ಕಂಗಾಲಾಗಬೇಡಿ. ಮೀನಿಗೂ ಆ ಅಂಶ ಬರುವುದು ನೀರಿನ ಪಾಚಿಯಿಂದಲೇ, ಪಾಚಿಯಿಂದ ನೇರವಾಗಿ ತೆಗೆದ ಎಣ್ಣೆಯೂ ಮಾರುಕಟ್ಟೆಯಲ್ಲಿದೆ, ಅದನ್ನೇ ಬರೆದುಕೊಡಿ ಎಂದು ಕೇಳಬಹುದು. ಪಾಚಿಯನ್ನು ಅನಂತಕಾಯವೆಂದು ಬಿಡುವ ಮನೆಗಳಿಗೆ ಇದೂ ಒಪ್ಪಿಗೆಯಾಗದಿರಬಹುದು. ಅಂಥವರು ಎಣ್ಣೆ, ಬೇಳೆ ಮತ್ತು ಸತುವಿನ ಮಾತ್ರೆಯ ಮೇಲೆಯೇ ನಿಲ್ಲಬೇಕಾಗುತ್ತದೆ.

ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಸತು ಇವನ್ನು ಮನೆಯ ಊಟದಲ್ಲಷ್ಟೇ ತುಂಬಿಸಲು ಆಗುವುದಿಲ್ಲ. ಪಶುವೈದ್ಯರಿಂದ ನಾಯಿಯ ತೂಕಕ್ಕೆ ತಕ್ಕ ಪೂರಕ ಬರೆಸಿಕೊಳ್ಳಿ, ಇಲ್ಲವೇ ಪೂರ್ಣ ಆಹಾರ ಎಂದು ನಮೂದಿಸಿದ ಸಸ್ಯಾಹಾರಿ ನಾಯಿ ಆಹಾರವನ್ನು ಅರ್ಧದಷ್ಟಾದರೂ ಬೆರೆಸಿ. ಮನುಷ್ಯರ ಜಿಂಕ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಅಂದಾಜಿನ ಮೇಲೆ ಹಾಕಬೇಡಿ. ಸತು ಹೆಚ್ಚಾದರೆ ವಿಷ, ಕ್ಯಾಲ್ಸಿಯಂ ಹೆಚ್ಚಾದರೆ ಅದೇ ಸತುವಿನ ಹೀರುವಿಕೆಗೆ ಅಡ್ಡಿ.

ಇನ್ನು ಹಾಲು. ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ ಹೆಚ್ಚಾಗಿ ಕಾಣುವ ಕಾರಣಗಳ ಪಟ್ಟಿಯಲ್ಲಿ ದನದ ಮಾಂಸ, ಕೋಳಿಗಳ ಜೊತೆಗೆ ಹಾಲು ಮತ್ತು ಗೋಧಿಯೂ ಇವೆ. ಮಾಂಸ ತಿನ್ನದ ಮನೆಯ ನಾಯಿಗೆ ಆಹಾರ ಅಲರ್ಜಿ ಬರುವುದಿಲ್ಲ ಎಂದು ಅಂದುಕೊಳ್ಳಬೇಡಿ. ವರ್ಷವಿಡೀ ಇರುವ ತುರಿಕೆ, ಮತ್ತೆ ಮತ್ತೆ ಬರುವ ಕಿವಿ ಸೋಂಕು ಇದ್ದರೆ ವೈದ್ಯರ ಸಲಹೆಯಂತೆ ಎಂಟು ವಾರ ಹಾಲು, ಮೊಸರು, ಬಿಸ್ಕತ್ತು, ಚಪಾತಿ ಎಲ್ಲ ನಿಲ್ಲಿಸಿ ನೋಡಬೇಕು. ಎಂಟು ವಾರ ಎಂದರೆ ಎಂಟು ವಾರ. ಅಜ್ಜ ಕದ್ದು ಕೊಡುವ ಒಂದು ಬಿಸ್ಕತ್ತು ಸಾಕು, ಲೆಕ್ಕ ಮತ್ತೆ ಮೊದಲಿನಿಂದ.

ಒಂದು ವಿಷಯದಲ್ಲಿ ನಮ್ಮ ಅಡುಗೆಮನೆ ನಾಯಿಗೆ ವರವೇ ಸರಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ನಮ್ಮಲ್ಲಿ ಅನೇಕ ಮನೆಗಳಲ್ಲಿ ಅವು ಇರುವುದೇ ಇಲ್ಲ. ಉಣ್ಣೆ ಬಾರದಿರಲಿ ಎಂದು ಬೆಳ್ಳುಳ್ಳಿ ತಿನ್ನಿಸಿ ಎಂಬ ಸಲಹೆ ಎಲ್ಲಿ ಕಂಡರೂ ನಂಬಬೇಡಿ. ಹಾಗೆಯೇ ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೊಡಬಾರದು. ಪೂಜೆಯ ಪ್ರಸಾದದಲ್ಲಿ ಒಣದ್ರಾಕ್ಷಿ ಇರುತ್ತದೆ, ಮಕ್ಕಳು ನಾಯಿಗೆ ಹಂಚುವಾಗ ನೋಡಿಕೊಳ್ಳಿ.

ಅಷ್ಟಮಿ, ಚತುರ್ದಶಿಯಂದು ನಾಯಿಗೂ ಉಪವಾಸ ಮಾಡಿಸುತ್ತೇವೆ ಎನ್ನುವವರು ಅಪರೂಪಕ್ಕೆ ಸಿಗುತ್ತಾರೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನಾವೆಲ್ಲ ಪಾಠಶಾಲೆಯಲ್ಲಿ ಕಲಿತವರೇ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದು ಇಲ್ಲಿಗೆ ಅನ್ವಯಿಸುತ್ತದೆ. ಮೊದಲನೆಯದೂ ಚರ್ಮಕ್ಕೆ ಸಂಬಂಧಪಟ್ಟದ್ದೇ. ಸಿಮೆಂಟು ನೆಲದ ಮೇಲೆ ಮಾರುದ್ದ ಸರಪಳಿಯಲ್ಲಿ ದಿನವಿಡೀ ಕಟ್ಟಿಹಾಕಿದ ನಾಯಿ ಬೇಸರಕ್ಕೇ ಮುಂಗಾಲು ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಆ ಹುಣ್ಣಿಗೆ ಯಾವ ಮುಲಾಮೂ ನಾಟುವುದಿಲ್ಲ, ಸರಪಳಿ ಬಿಚ್ಚಿ ಬೆಳಗ್ಗೆ ಸಂಜೆ ತಿರುಗಾಡಿಸಬೇಕು.

ಉಣ್ಣೆ, ಚಿಗಟ, ಮತ್ತು ನಮ್ಮ ಸಂಕೋಚ

ಶಿಕಾರಿಪುರ ಸೊರಬದ ಕಡೆ ಉಣ್ಣೆಯನ್ನು ಹಗುರವಾಗಿ ನೋಡಲಾಗದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ ಪತ್ತೆಯಾದದ್ದೇ ಮಂಗನಕಾಯಿಲೆ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದಕ್ಕೆ ಇಂದಿಗೂ ಕ್ಯಾಸನೂರು ಕಾಡಿನ ಹೆಸರೇ ಇದೆ. ಅದನ್ನು ಹರಡುವುದು ಕಾಡಿನ ಉಣ್ಣೆ, ಹೆಚ್ಚಾಗಿ ಅದರ ಚಿಕ್ಕ ಮರಿ ರೂಪ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ನಾಯಿಯ ಮೈಮೇಲೆ ಮನೆಯಲ್ಲಿ ಕಾಣುವ ಕಂದು ಉಣ್ಣೆ ಬೇರೆ ಜಾತಿ, ಅದನ್ನು ಕಂಡು ಮಂಗನಕಾಯಿಲೆ ಎಂದು ಗಾಬರಿಯಾಗಬೇಕಿಲ್ಲ. ಆದರೆ ಕಾಡಿಗೆ ನುಗ್ಗಿ ತರಗೆಲೆಯಲ್ಲಿ ಹೊರಳಾಡಿ ಬರುವ ನಾಯಿ ಕಾಡಿನ ಉಣ್ಣೆಯನ್ನೂ ಹೊತ್ತು ತರಬಹುದು. ಆ ತಿಂಗಳುಗಳಲ್ಲಿ ನಾಯಿಯನ್ನು ಕಾಡಂಚಿಗೆ ಬಿಡದಿರುವುದು, ಬಂದ ಕೂಡಲೇ ಮೈ ಪರೀಕ್ಷಿಸುವುದು, ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಮಲೆನಾಡಿನವರಿಗೆ ಗೊತ್ತಿರುವ ಮಾತೇ.

ಕಂದು ಉಣ್ಣೆಯೂ ಸಾಧುವಲ್ಲ. ಎರ್ಲಿಕಿಯಾ, ಬೆಬೀಸಿಯಾ ಎಂಬ ರಕ್ತದ ರೋಗಗಳು ನಾಯಿಗೆ ಬರುವುದು ಅದರಿಂದಲೇ. ಮೊದಲು ಜ್ವರ, ಊಟ ಬಿಡುವುದು, ಒಸಡು ಬಿಳಚಿಕೊಳ್ಳುವುದು, ಕೊನೆಗೆ ಮೂಗಿನಿಂದ ರಕ್ತ. ತುರಿಕೆ ಎಂದು ಸುಮ್ಮನಿದ್ದು, ಒಂದು ದಿನ ನಾಯಿ ಏಳದಿದ್ದಾಗ ಆಸ್ಪತ್ರೆಗೆ ಓಡುವವರಿಗೆ ಆಗುವ ನೋವು ದೊಡ್ಡದು.

ಈಗ ಅಹಿಂಸೆಯ ಮಾತು. ಹೇನು, ತಿಗಣೆಗಳನ್ನು ನಮ್ಮ ಗ್ರಂಥಗಳು ತ್ರೀಂದ್ರಿಯ ಜೀವಗಳ ಸಾಲಿನಲ್ಲಿ ಇಡುತ್ತವೆ, ಉಣ್ಣೆಯನ್ನೂ ಅದೇ ಭಾವದಿಂದ ನೋಡುತ್ತೇವೆ. ಅದು ಹತ್ತಿರುವ ನಾಯಿ ಪಂಚೇಂದ್ರಿಯ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥ ಪೂರ್ತಿ ಬಿಡಬೇಕಾದುದು ಸಂಕಲ್ಪೀ ಹಿಂಸೆ, ಉಳಿದವುಗಳಲ್ಲಿ ಯತ್ನಾಚಾರ ಇರಬೇಕು ಎಂದು ಕೇಳಿದ್ದೇವೆ. ಉಣ್ಣೆಯ ಔಷಧ ಇದರಲ್ಲಿ ಎಲ್ಲಿ ಬರುತ್ತದೆ ಎಂದು ಇಲ್ಲಿ ತೀರ್ಪು ಕೊಡುವುದಿಲ್ಲ, ನಿಮ್ಮ ಊರಿಗೆ ಬರುವ ತ್ಯಾಗಿಗಳನ್ನು, ಮಠದ ಭಟ್ಟಾರಕರನ್ನು ಕೇಳಿ. ಆದರೆ ಕೇಳುವ ಮುನ್ನ ಉಣ್ಣೆಯ ಬದುಕು ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಲಿ.

ರಕ್ತ ಕುಡಿದು ದ್ರಾಕ್ಷಿಯಷ್ಟು ಉಬ್ಬಿದ ಹೆಣ್ಣು ಉಣ್ಣೆ ನಾಯಿಯ ಮೈಯಿಂದ ತಾನೇ ಕಳಚಿ ಬೀಳುತ್ತದೆ. ಗೋಡೆಯ ಬಿರುಕು, ಬಾಗಿಲಿನ ಸಂದು, ಚಾಪೆಯ ಅಡಿ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬಂದ ಮರಿಗಳು ಮತ್ತೆ ಅದೇ ನಾಯಿಯನ್ನು ಹತ್ತುತ್ತವೆ. ಆಹಾರವಿಲ್ಲದೆ ತಿಂಗಳುಗಟ್ಟಲೆ ಬಿರುಕಿನಲ್ಲಿ ಕಾಯಬಲ್ಲವು. ಚಿಗಟದ ಕಥೆಯೂ ಹೀಗೆಯೇ, ಒಂದು ಹೆಣ್ಣು ದಿನಕ್ಕೆ ನಲವತ್ತು ಐವತ್ತು ಮೊಟ್ಟೆ ಇಡುತ್ತದೆ. ನಾಯಿಯ ಮೇಲೆ ಕಾಣುವುದು ಒಟ್ಟು ಸಂಖ್ಯೆಯ ಸಣ್ಣ ಅಂಶ, ಉಳಿದದ್ದೆಲ್ಲ ಮೊಟ್ಟೆ, ಹುಳು, ಕೋಶದ ರೂಪದಲ್ಲಿ ಹಾಸಿಗೆಯಲ್ಲಿ, ನೆಲದಲ್ಲಿ. ಹತ್ತು ಉಣ್ಣೆ ಇದ್ದಾಗ ಸಂಕೋಚಪಟ್ಟು ಸುಮ್ಮನಿದ್ದ ಮನೆ ಮೂರು ತಿಂಗಳ ನಂತರ ಸಾವಿರಾರು ಉಣ್ಣೆಗಳೆದುರು ನಿಂತು, ಇಡೀ ಮನೆಗೆ ವಿಷ ಸಿಂಪಡಿಸುವ ಸ್ಥಿತಿಗೆ ಬರುತ್ತದೆ. ಆಗ ಉಣ್ಣೆಯ ಜೊತೆ ಇರುವೆ, ಜೇಡ, ಹಲ್ಲಿ ಎಲ್ಲವೂ ಹೋಗುತ್ತವೆ. ತಡ ಮಾಡಿದಷ್ಟೂ ಹಿಂಸೆ ಹೆಚ್ಚುತ್ತದೆ ಎಂದು ನನಗೆ ಅನಿಸುವುದು ಇದಕ್ಕೇ.

ಆದ್ದರಿಂದ ಹುಟ್ಟುವುದಕ್ಕೇ ಜಾಗ ಕೊಡದಿರುವುದು ನಮ್ಮ ಮನೆಗಳಿಗೆ ಒಪ್ಪುವ ದಾರಿ. ಮುನಿಗಳು ಜೀವೋತ್ಪತ್ತಿ ಹೆಚ್ಚುವ ಕಾಲವೆಂದು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವಂತೆ, ನಾವು ಆ ಕಾಲಕ್ಕೆ ಮುಂಚೆ, ಅಂದರೆ ಮೇ ತಿಂಗಳಲ್ಲೇ, ನಾಯಿ ಮಲಗುವ ಜಾಗದ ಗೋಡೆ ಬಿರುಕುಗಳನ್ನು ಗಾರೆ ಅಥವಾ ಸಿಮೆಂಟಿನಿಂದ ಮುಚ್ಚಬೇಕು. ಹಳೆ ಗೋಣಿಚೀಲ, ಚಾಪೆ ತೆಗೆದು, ಬಿಸಿಲಿಗೆ ಹಾಕಬಹುದಾದ ದಪ್ಪ ಬಟ್ಟೆ ಹಾಸಿ. ವಾರಕ್ಕೊಮ್ಮೆ ಬದಲಿಸಿ ಒಗೆಯಿರಿ. ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಮಲಗಿಸಿದರೆ ಇನ್ನೂ ಉತ್ತಮ. ಅಂಗಳದ ಹುಲ್ಲು ಬೆಳೆಯಲು ಬಿಡಬೇಡಿ. ದಿನಕ್ಕೆ ಐದು ನಿಮಿಷ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಬೆರಳಾಡಿಸಿ ನೋಡಿ.

ಉಣ್ಣೆ ಸಿಕ್ಕರೆ ಕೈಗವಸು ಹಾಕಿಕೊಂಡು, ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು, ಬೆರಳಲ್ಲಿ ಹಿಸುಕುವುದು ಮೂರೂ ತಪ್ಪು. ಉಣ್ಣೆಗೂ ಹಿಂಸೆ, ಅದರೊಳಗಿನ ರೋಗಾಣು ನಾಯಿಯ ರಕ್ತಕ್ಕೋ ನಿಮ್ಮ ಕೈಗೋ ಸೇರುವ ಅಪಾಯವೂ ಇದೆ. ತೆಗೆದದ್ದನ್ನು ಏನು ಮಾಡಬೇಕು? ವೈದ್ಯರು ಸ್ಪಿರಿಟ್ಟಿನಲ್ಲಿ ಹಾಕಿ ಎನ್ನುತ್ತಾರೆ. ಮನಸ್ಸು ಒಪ್ಪದೆ ಬೇಲಿಯಾಚೆ ಬಿಟ್ಟವರಿಗೆ ಒಂದೇ ಮಾತು ಹೇಳಬಹುದು: ರಕ್ತ ಕುಡಿದು ಉಬ್ಬಿದ ಹೆಣ್ಣಾದರೆ ಅದು ಅಲ್ಲೇ ಮೊಟ್ಟೆ ಇಡುತ್ತದೆ, ಮುಂದೆ ಹತ್ತುವುದು ಬೀದಿ ನಾಯಿಯನ್ನೋ ಕರುವನ್ನೋ. ಉಬ್ಬುವ ಮುಂಚೆಯೇ ದಿನವೂ ಬಾಚಿ ತೆಗೆಯುವ ಮನೆಗೆ ಈ ಸಂಕಟ ಬಹಳಷ್ಟು ತಪ್ಪುತ್ತದೆ.

ಔಷಧ ಬೇಕೇಬೇಕು ಎನ್ನುವ ಸ್ಥಿತಿ ಬಂದರೆ ಎರಡು ಬಗೆ ಇವೆ. ಕತ್ತಿನ ಹಿಂಭಾಗದ ಚರ್ಮದ ಮೇಲೆ ಬಿಡುವ ಫಿಪ್ರೊನಿಲ್‌ನಂಥ ಹನಿ ಔಷಧ ಒಂದು. ಬಾಯಿಗೆ ಕೊಡುವ ಅಫೊಕ್ಸೊಲ್ಯಾನರ್, ಫ್ಲುರಾಲ್ಯಾನರ್ ಮುಂತಾದ ಮಾತ್ರೆಗಳು ಇನ್ನೊಂದು, ಇವು ಒಂದರಿಂದ ಮೂರು ತಿಂಗಳು ಕೆಲಸ ಮಾಡುತ್ತವೆ. ಅಗಿಯುವ ಮಾತ್ರೆಗಳಲ್ಲಿ ಕೆಲವಕ್ಕೆ ನಾಯಿ ಇಷ್ಟಪಡಲೆಂದು ಮಾಂಸದ ರುಚಿ ಸೇರಿಸಿರುತ್ತಾರೆ, ಹಂದಿಯ ಯಕೃತ್ತಿನ ಅಂಶ ಇರುವವೂ ಇವೆ. ಮುಂಚೆಯೇ ಕೇಳಿ, ಬೇಡವಾದರೆ ಹನಿ ಔಷಧ ಬರೆಸಿಕೊಳ್ಳಿ. ಅಪಸ್ಮಾರ ಇರುವ ನಾಯಿಗೆ ಈ ಮಾತ್ರೆಗಳ ವಿಷಯದಲ್ಲಿ ಎಚ್ಚರ ಬೇಕು, ವೈದ್ಯರಿಗೆ ಹೇಳಲು ಮರೆಯಬೇಡಿ.

ಮಾಡಬಾರದ ಮನೆಮದ್ದು

ಕಜ್ಜಿ ಹಿಡಿದ ನಾಯಿಗೆ ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಬಳಿಯುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ನಾಯಿ ಅದನ್ನು ನೆಕ್ಕುತ್ತದೆ. ಅದರಲ್ಲಿರುವ ಲೋಹ, ರಾಸಾಯನಿಕಗಳು ಯಕೃತ್ತು, ಮೂತ್ರಪಿಂಡಕ್ಕೆ ಹೋಗುತ್ತವೆ. ಫಿನೈಲು, ಹೊಗೆಸೊಪ್ಪಿನ ಕಷಾಯ, ಸೀಮೆಎಣ್ಣೆ ಇದೇ ಜಾತಿ. ದನದ ಉಣ್ಣೆಗೆ ತಂದಿಟ್ಟ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ದ್ರಾವಣವನ್ನು ಅಳತೆಯಿಲ್ಲದೆ ನಾಯಿಗೂ ಸುರಿಯುವುದು ಅಪಾಯ, ಆ ಮನೆಯಲ್ಲಿ ಬೆಕ್ಕು ಇದ್ದರೆ ಅದರ ಪ್ರಾಣಕ್ಕೇ ಸಂಚಕಾರ. ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಬೇರೆ ನಾಯಿಗೆ ಒಗ್ಗಿತೆಂದು ಕಾಲಿ ಜಾತಿಯ ನಾಯಿಗೂ ಹಾಕಿಸಬೇಡಿ, ಅನುವಂಶಿಕ ಕಾರಣದಿಂದ ಆ ಜಾತಿಯಲ್ಲಿ ಅದು ಮೆದುಳಿಗೆ ವಿಷವಾಗಬಹುದು. ಮನುಷ್ಯರ ತುರಿಕೆ ಕ್ರೀಮುಗಳಲ್ಲಿ ಬಹಳಷ್ಟರಲ್ಲಿ ಸ್ಟೀರಾಯ್ಡ್ ಇರುತ್ತದೆ, ಹುಳುಕಡ್ಡಿ, ಕಜ್ಜಿಗೆ ಹಚ್ಚಿದರೆ ಎರಡು ದಿನ ತುರಿಕೆ ನಿಂತು ರೋಗ ಒಳಗೊಳಗೇ ಹರಡುತ್ತದೆ.

ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರು ಸೌಮ್ಯವಾದ ತೊಳೆತಕ್ಕೆ ಪರವಾಗಿಲ್ಲ. ಬೇವಿನೆಣ್ಣೆಯನ್ನು ನೇರವಾಗಿ ಬಳಿದರೆ ಚರ್ಮ ಉರಿಯುತ್ತದೆ, ನೆಕ್ಕಿದರೆ ವಾಂತಿ. ಕಜ್ಜಿ, ಯೀಸ್ಟ್ ಇಲ್ಲವೆಂದು ಗೊತ್ತಾಗಿ, ಬರೀ ಚಳಿಗಾಲದ ಒಣಗುವಿಕೆ ಎಂದು ಖಚಿತವಾದ ಮೇಲೆ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಹಚ್ಚಲು ಅಡ್ಡಿಯಿಲ್ಲ.

ಸ್ನಾನ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಸಾಕು. ಬಿಸಿಲೇರಿದ ಮೇಲೆ, ಉಗುರುಬೆಚ್ಚಗಿನ ನೀರಿನಲ್ಲಿ, ನಾಯಿಗೆಂದೇ ಇರುವ ಶಾಂಪೂ ಬಳಸಿ. ಓಟ್ಸ್ ಪುಡಿಯನ್ನು ನೀರಿನಲ್ಲಿ ಕದಡಿ ಹತ್ತು ನಿಮಿಷ ಮೈಮೇಲೆ ಬಿಟ್ಟು ತೊಳೆದರೆ ಒಣ ತುರಿಕೆಗೆ ತಂಪು. ವೈದ್ಯರು ಕೊಟ್ಟ ಔಷಧದ ಶಾಂಪೂ ಆದರೆ ಅವರು ಹೇಳಿದಷ್ಟು ಸಲ, ಪ್ರತಿ ಸಲವೂ ಹತ್ತು ನಿಮಿಷ ಗಡಿಯಾರ ನೋಡಿ ಬಿಡಬೇಕು, ಹಚ್ಚಿದ ಕೂಡಲೇ ತೊಳೆದರೆ ದುಡ್ಡು ಚರಂಡಿಗೆ. ಮುಧೋಳ ನಾಯಿಯಂಥ ತೆಳ್ಳನೆಯ ಕೂದಲಿನ, ಮೈಯಲ್ಲಿ ಕೊಬ್ಬಿಲ್ಲದ ನಾಯಿಗಳಿಗೆ ಮಲೆನಾಡ ಚಳಿ ಹೆಚ್ಚು ತಾಗುತ್ತದೆ. ಅವುಗಳಿಗೆ ರಾತ್ರಿ ದಪ್ಪ ಹಾಸು ಬೇಕೇಬೇಕು.

ಆಸ್ಪತ್ರೆಗೆ ಯಾವಾಗ

ಚರ್ಮ ಒದ್ದೆಯಾಗಿ ಕೀವು ಬಂದರೆ, ವಾಸನೆ ಬಂದರೆ, ಅಂಗೈಯಷ್ಟು ಜಾಗದ ಕೂದಲು ಹೋದರೆ, ನಾಯಿ ಊಟ ಬಿಟ್ಟರೆ, ಮನೆಯ ಮಕ್ಕಳಿಗೂ ಗುಳ್ಳೆ ಬಂದರೆ ಕಾಯಬೇಡಿ. ಶಿಕಾರಿಪುರ, ಸೊರಬಗಳ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ಕಜ್ಜಿ, ಉಣ್ಣೆ ಜ್ವರಕ್ಕೆ ಚಿಕಿತ್ಸೆ ಪಡೆಯಬಹುದು. ಹಳೆಯ, ಮರುಕಳಿಸುವ ಚರ್ಮರೋಗವಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಮ್ಮೆ ಹೋಗಿಬರುವುದು ಮೇಲು. ಹೋಗುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಎಣ್ಣೆ ಹಚ್ಚಬೇಡಿ. ಶುಭ್ರವಾಗಿ ಕರೆದೊಯ್ಯಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ಆದರೆ ವೈದ್ಯರು ನೋಡಬೇಕಾದದ್ದೇ ತೊಳೆದುಹೋಗಿರುತ್ತದೆ. ಯಾವ ತಿಂಗಳು ಶುರುವಾಯಿತು, ಮೊದಲು ಎಲ್ಲಿ, ದಿನವೂ ಏನೇನು ತಿನ್ನುತ್ತದೆ, ಈವರೆಗೆ ಏನೇನು ಹಚ್ಚಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಂಕೋಚಪಡದೆ ಸುಟ್ಟ ಆಯಿಲ್ ಹಚ್ಚಿದ್ದರೆ ಅದನ್ನೂ ಹೇಳಿ.

ಬಸದಿಯ ಮುಂದೆ, ಬಸ್ ನಿಲ್ದಾಣದಲ್ಲಿ ಕಜ್ಜಿ ಹಿಡಿದು ಬೋಳಾಗಿ ಅಲೆಯುವ ನಾಯಿಗಳಿಗೆ 'ಯಾರದ್ದೂ ಅಲ್ಲ' ಎಂಬ ಕಾರಣಕ್ಕೇ ಚಿಕಿತ್ಸೆ ಸಿಗುವುದಿಲ್ಲ. ಜೀವಂಧರ ಸ್ವಾಮಿ ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಹೇಳಿ, ಅದು ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೇ ನೆರವಾದ ಕಥೆ ನಮ್ಮ ಮಕ್ಕಳಿಗೆ ಗೊತ್ತು. ಆ ಕಥೆಯ ನಾಯಿಯೂ ಯಾರದ್ದೂ ಆಗಿರಲಿಲ್ಲ. ಬೀದಿ ನಾಯಿಯ ಕಜ್ಜಿಗೆ ಹಿಡಿದು ಕಟ್ಟಿ ಮುಲಾಮು ಹಚ್ಚಬೇಕಾಗಿಲ್ಲ. ಅಂದಾಜು ತೂಕ, ಒಂದು ಫೋಟೋ ತೋರಿಸಿದರೆ ಆಹಾರದಲ್ಲಿ ಬೆರೆಸಿ ಕೊಡಬಹುದಾದ ಔಷಧವನ್ನು ಪಶುವೈದ್ಯರು ಸೂಚಿಸಬಲ್ಲರು. ಅದನ್ನು ಆ ನಾಯಿಯೇ ತಿಂದದ್ದನ್ನು ಕಣ್ಣಾರೆ ನೋಡಿ. ಮುಂದಿನ ಡೋಸಿನ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಒಂದೇ ಡೋಸಿಗೆ ಕಜ್ಜಿ ಹೋಗುವುದು ಕಡಿಮೆ.